ಚೆಕ್ಕು, ಕಾರ್ಡು ಮತ್ತು ನಮ್ಮ ಸಾಲ

ಯುಎಇಯಲ್ಲಿ ಕ್ರೆಡಿಟ್ ಕಾರ್ಡ್ ಸಾಲ ಅಂದ ಕೂಡಲೇ ನಮ್ಮ ರೂಮುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ಚೆಕ್ ಬೌನ್ಸ್ ಆದ್ರೆ ಸೀದಾ ಜೈಲು" ಅನ್ನೋದು ಒಂದು. "ಊರಿಗೆ ಹೋಗಿಬಿಟ್ರೆ ಮುಗೀತು" ಅನ್ನೋದು ಇನ್ನೊಂದು. ಎರಡೂ ಹಳೇ ಕಾಲದ ಮಾತುಗಳು. ಕಾನೂನು ಬದಲಾಗಿದೆ, ನಮ್ಮ ಮಾತು ಮಾತ್ರ ಬದಲಾಗಿಲ್ಲ.

2008ಕ್ಕೆ ಮುಂಚೆ ಇಲ್ಲಿ ಸಾಲ ಸುಲಭವಾಗಿ ಸಿಗುತ್ತಿತ್ತು. ಬ್ಯಾಂಕು ಭದ್ರತೆಗೆ ಸಹಿ ಮಾಡಿದ ಚೆಕ್ ಇಟ್ಟುಕೊಳ್ಳುತ್ತಿತ್ತು. ಆ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು. 2008ರ ಕೊನೆಗೆ ಆರ್ಥಿಕ ಕುಸಿತ ಬಂದು ದುಬೈನಲ್ಲಿ ಕಟ್ಟಡದ ಕೆಲಸಗಳು ನಿಂತವು, ಸಾವಿರಾರು ಜನರ ನೌಕರಿ ಹೋಯಿತು. ಜೈಲಿಗೆ ಹೆದರಿ ವಿಮಾನ ನಿಲ್ದಾಣದಲ್ಲೇ ಕಾರು ಬಿಟ್ಟು ದೇಶ ಬಿಟ್ಟವರ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಆ ಪೆಟ್ಟಿನ ನಂತರ ನಿಯಮಗಳು ಬಿಗಿಯಾದವು. 2011ರಲ್ಲಿ ಕೇಂದ್ರೀಯ ಬ್ಯಾಂಕ್ ವೈಯಕ್ತಿಕ ಸಾಲಕ್ಕೆ ಸಂಬಳದ 20 ಪಟ್ಟು, ತೀರಿಸಲು 48 ತಿಂಗಳು ಎಂದು ಮಿತಿ ಹಾಕಿತು. ಎಲ್ಲ ಕಂತು ಸೇರಿ ಸಂಬಳದ ಅರ್ಧ ಮೀರಬಾರದು ಎಂದಿತು. 2014ರಿಂದ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋ ನಮ್ಮ ಎಲ್ಲ ಬ್ಯಾಂಕ್ ಸಾಲದ ಲೆಕ್ಕ ಒಂದೇ ಕಡೆ ಇಡುತ್ತಿದೆ.

2020ರ ಜನವರಿಯಲ್ಲಿ ಭಾರತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಇಲ್ಲಿನ ಕೋರ್ಟಿನ ಸಿವಿಲ್ ತೀರ್ಪನ್ನು ನಮ್ಮೂರಿನ ಜಿಲ್ಲಾ ನ್ಯಾಯಾಲಯದ ಮೂಲಕವೇ ಜಾರಿ ಮಾಡಿಸಬಹುದು. ಅಂದರೆ ಊರಿಗೆ ಓಡಿದರೂ ಸಾಲ ಹಿಂದೆಯೇ ಬರುತ್ತದೆ. ಇನ್ನು 2022ರ ಜನವರಿಯಿಂದ, ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಅಷ್ಟಕ್ಕೇ ಅದು ಕ್ರಿಮಿನಲ್ ಅಪರಾಧವಲ್ಲ. ಮೋಸ ಮಾಡಿದ್ದರೆ ಈಗಲೂ ಅಪರಾಧವೇ. ಹಣ ವಸೂಲಿಗೆ ಬ್ಯಾಂಕು ನೇರವಾಗಿ ಸಿವಿಲ್ ಕೋರ್ಟಿಗೆ ಹೋಗಬಹುದು, ಪ್ರಯಾಣ ನಿಷೇಧವೂ ಬೀಳಬಹುದು.

ಹಾಗಾಗಿ ಈಗ ಓಡುವುದಕ್ಕಿಂತ ಮಾತಾಡುವುದೇ ಲಾಭ. ತಡ ಮಾಡಿದಷ್ಟೂ ಮೀಟರ್ ಓಡುತ್ತಿರುತ್ತದೆ. 10,000 ದಿರ್ಹಂ ಬಾಕಿಗೆ ತಿಂಗಳಿಗೆ ಶೇಕಡ 3 ಬಡ್ಡಿ ಅಂದುಕೊಳ್ಳಿ. ಮಿನಿಮಮ್ ಅಂತ 500 ಕಟ್ಟಿದರೆ ಅದರಲ್ಲಿ 300 ಬಡ್ಡಿಗೇ ಹೋಯಿತು, ಅಸಲು ಇಳಿದದ್ದು ಬರೀ 200.

ಸಹಾಯ ಯಾರನ್ನು ಕೇಳಬೇಕು? ಮೊದಲು ಬ್ಯಾಂಕನ್ನೇ, ಅದೂ ಬರಹದಲ್ಲಿ: ಕೆಲಸ ಹೋಗಿದೆ, ಕಂತು ಕಡಿಮೆ ಮಾಡಿಕೊಡಿ ಅಂತ. ಬ್ಯಾಂಕು ಅನ್ಯಾಯ ಮಾಡಿದರೆ ದೂರು ಕೊಡಲು ಸನದಕ್ ಎಂಬ ಸಂಸ್ಥೆ ಇದೆ. ಭಾರತೀಯ ಕಾರ್ಮಿಕರಿಗೆಂದೇ 2010ರಲ್ಲಿ ದುಬೈನಲ್ಲಿ ಶುರುವಾದ ಕೇಂದ್ರ ಈಗ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಎಂಬ ಹೆಸರಿನಲ್ಲಿದೆ, ಅಲ್ಲಿ ಕಾನೂನು ಸಲಹೆ ಸಿಗುತ್ತದೆ. "ಮೊದಲು ಫೀಸು ಕೊಡಿ, ಅರ್ಧ ಸಾಲ ಮನ್ನಾ ಮಾಡಿಸ್ತೀನಿ" ಅನ್ನುವವನಿಗೆ ದುಡ್ಡೂ ಕೊಡಬೇಡಿ, ಒಟಿಪಿಯೂ ಕೊಡಬೇಡಿ.

ರೂಮಿನಲ್ಲಿ ಯಾರಾದರೂ ರಾತ್ರಿ ನಿದ್ದೆ ಬಿಟ್ಟು ಕೂತಿದ್ದರೆ ಹಳೇ ಕಥೆ ಹೇಳಿ ಹೆದರಿಸಬೇಡಿ. ಈಗಿನ ಕಾನೂನು ಹೇಳಿ, ಬ್ಯಾಂಕಿಗೆ ಜೊತೆಯಲ್ಲಿ ಹೋಗಿಬನ್ನಿ.