ಪ್ರೀಮಿಯರ್ 118 ಎನ್‌ಇ: ಸಂಸಾರದ ಕಾರಿನೊಳಗಿನ ಓಟದ ವಂಶ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಕಲ್ಯಾಣ್–ಶೀಳ್ ರಸ್ತೆಯ ಬದಿಯಲ್ಲಿ, ಜನ ಇಂದಿಗೂ ‘ಪ್ರೀಮಿಯರ್ ಮೈದಾನ’ ಎಂದೇ ಗುರುತಿಸುವ ಜಾಗವಿದೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಲ್ಯಾಣ್ ಕಾರ್ಖಾನೆ ಬಿಟ್ಟುಹೋದ ಹೆಸರು ಅದು. ಕಂಪನಿಯ ಚರಿತ್ರೆ ಬರೆದವರೆಲ್ಲ ಕುರ್ಲಾದ ಪದ್ಮಿನಿ ಟ್ಯಾಕ್ಸಿಯ ಸುತ್ತಲೇ ಸುತ್ತಿದ್ದಾರೆ. 1985ರಲ್ಲಿ ಅದೇ ಕಂಪನಿ ಹೊರತಂದ 118 ಎನ್‌ಇ ಅವರ ಬರಹದಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಪಡೆದಿಲ್ಲ. ನನ್ನ ವಾದವಿಷ್ಟು: 1990ಕ್ಕಿಂತ ಮುಂಚೆ ನಮ್ಮಲ್ಲಿ ಸ್ಪೋರ್ಟ್ಸ್ ಕಾರನ್ನು ಕಾರ್ಖಾನೆ ತಯಾರಿಸಲಿಲ್ಲ, ಗ್ಯಾರೇಜು ತಯಾರಿಸಿತು. ಮನೆಮಂದಿ ಕೂತು ಹೋಗುವ ಕಾರನ್ನೇ ಬಿಚ್ಚಿ, ತೀಡಿ, ಓಟಕ್ಕೆ ಇಳಿಸುತ್ತಿದ್ದರು. ಈ ಚರಿತ್ರೆಯನ್ನು ಓದಲು 118 ಎನ್‌ಇಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ, ಏಕೆಂದರೆ ಅದರ ದೇಹಕ್ಕೂ ಎಂಜಿನ್ನಿಗೂ ಓಟದ ನೆಂಟಸ್ತಿಕೆಯಿದೆ.

ಕಂಪನಿಯ ಬೇರು ಕನ್ನಡಿಗರಿಗೆ ಹತ್ತಿರದ್ದು. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಅವರು ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಅಮೆರಿಕದ ಕ್ರೈಸ್ಲರ್ ಜತೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ಆಸಕ್ತಿ ತೋರಿದರೂ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಅದೇ ವರ್ಷ ಡಿಸೆಂಬರಿನಲ್ಲಿ ವಾಲ್‌ಚಂದ್ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಗಿ ಮುಂಬಯಿಗೆ ಹೋಯಿತು. ಬೆಂಗಳೂರಿಗೆ ವಿಮಾನ ದಕ್ಕಿತು, ಕಾರು ತಪ್ಪಿತು.

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ 1954ರಿಂದ ತಯಾರಿಸಿದ್ದು ಫಿಯೆಟ್ 1100, ಮುಂದೆ 1970ರ ದಶಕದಲ್ಲಿ ಅದೇ ಪದ್ಮಿನಿ ಎನಿಸಿತು. ಅದರ ಎಂಜಿನ್ನಿನ ಅಳತೆಯನ್ನು ಸ್ವಲ್ಪ ನಿಂತು ನೋಡಬೇಕು. ಸಿಲಿಂಡರಿನ ಅಗಲ 68 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 75 ಮಿ.ಮೀ., ಒಟ್ಟು 1089 ಸಿಸಿ. ಅಗಲಕ್ಕಿಂತ ಏರಿಳಿತ ಹೆಚ್ಚಿದ್ದರೆ ಪಿಸ್ಟನ್ ಪ್ರತಿ ಸುತ್ತಿಗೂ ಹೆಚ್ಚು ದೂರ ಓಡಬೇಕು. ವೇಗವಾಗಿ ತಿರುಗಿಸಿದರೆ ಬೇರಿಂಗಿಗೂ ಕನೆಕ್ಟಿಂಗ್ ರಾಡಿಗೂ ಏಟು. ಹಿಂದೆ ಪಟ್ಟಿ ಸ್ಪ್ರಿಂಗು, ಗೇರು ಸ್ಟೀರಿಂಗ್ ಕಂಬದ ಮೇಲೆ. ಇಷ್ಟಾದರೂ ಮದ್ರಾಸಿನ ಹತ್ತಿರದ ಶೋಲಾವರಂ ವಿಮಾನಪಟ್ಟಿಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತಿದ್ದ ರೇಸುಗಳಲ್ಲಿ, ಕರ್ನಾಟಕದ ಕೆ-1000 ರ್ಯಾಲಿಯಂಥ ಸ್ಪರ್ಧೆಗಳಲ್ಲಿ ಫಿಯೆಟ್ ಇಲ್ಲದೆ ನಡೆಯುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಹೆಡ್ಡನ್ನು ಸಾಣೆ ಹಿಡಿದು ಕಂಪ್ರೆಷನ್ ಏರಿಸುತ್ತಿದ್ದರು, ಗಾಳಿಯ ದಾರಿ ಉಜ್ಜಿ ನುಣುಪು ಮಾಡುತ್ತಿದ್ದರು, ಕಾರ್ಬ್ಯುರೇಟರ್ ಬದಲಿಸುತ್ತಿದ್ದರು. ಆಮದು ಸುಂಕದ ಗೋಡೆಯ ಆಚೆಗಿದ್ದ ಅಸಲಿ ಸ್ಪೋರ್ಟ್ಸ್ ಕಾರು ರಾಜಮನೆತನಗಳಿಗೂ ದೊಡ್ಡ ಧನಿಕರಿಗೂ ಬಿಟ್ಟ ಮಾತು.

118 ಎನ್‌ಇಯ ದೇಹ ಬಂದದ್ದು ಬೇರೊಂದು ತಲೆಮಾರಿನಿಂದ. 1966ರಲ್ಲಿ ಇಟಲಿಯಲ್ಲಿ ಫಿಯೆಟ್ 124 ಹುಟ್ಟಿತು. 1967ಕ್ಕೆ ಯುರೋಪಿನ ವರ್ಷದ ಕಾರು ಎನಿಸಿತು. ಹಿಂದಿನ ಚಕ್ರಗಳಿಗೂ ಕಾಯಿಲ್ ಸ್ಪ್ರಿಂಗು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಆ ದರ್ಜೆಯ ಸಂಸಾರದ ಕಾರಿಗೆ ಇದು ದುಬಾರಿ ಉಡುಗೊರೆ. ಫೆರಾರಿಯಲ್ಲಿ ಎಂಜಿನ್ ಮಾಡಿ ಬಂದಿದ್ದ ಔರೇಲಿಯೊ ಲಂಪ್ರೆಡಿ ಈ ಕಾರಿನ ಎಂಜಿನ್ನಿನಿಂದ ಜೋಡಿ ಕ್ಯಾಮಿನ 1438 ಸಿಸಿ ಎಂಜಿನ್ ಬೆಳೆಸಿದರು. ಪಿನಿನ್‌ಫರೀನಾ ರೂಪಿಸಿದ 124 ಸ್ಪೋರ್ಟ್ ಸ್ಪೈಡರ್, ಜತೆಗೆ ಸ್ಪೋರ್ಟ್ ಕೂಪೆ, ಎರಡೂ ಅದರಿಂದ ಓಡಿದವು. ಆ ಸ್ಪೈಡರ್ 1972ರಲ್ಲಿ ರಾಫಾಯೆಲೆ ಪಿಂಟೊಗೆ ಯುರೋಪಿನ ರ್ಯಾಲಿ ಕಿರೀಟ ತಂದಿತು. ಅದೇ 124ರ ಅಣ್ಣತಮ್ಮ ರಷ್ಯಾದ ತೊಲ್ಯಾತ್ತಿಯಲ್ಲಿ ಲಾಡಾ ಆಯಿತು, ಬಾರ್ಸಿಲೋನದಲ್ಲಿ ಸಿಯಾಟ್ 124 ಆಯಿತು. ಸಿಯಾಟ್ ಅದಕ್ಕೆ ಚೌಕ ದೀಪದ ಹೊಸ ಮುಖ ಕೊಟ್ಟು, 1980ರಲ್ಲಿ ಉತ್ಪಾದನೆ ನಿಲ್ಲಿಸಿತು. ಆ ಅಚ್ಚುಗಳನ್ನು ಪ್ರೀಮಿಯರ್ ಕೊಂಡಿತು.

ಕೊಂಡ ದೇಹಕ್ಕೆ ಹಾಕಿದ್ದು ಜಪಾನಿನ ನಿಸ್ಸಾನ್ ಎ12 ಎಂಜಿನ್. ಹೆಸರಿನ ‘ಎನ್‌ಇ’ ಅದನ್ನೇ ಹೇಳುತ್ತದೆ. ಅಗಲ 73, ಏರಿಳಿತ 70 ಮಿ.ಮೀ., 1171 ಸಿಸಿ, 52 ಅಶ್ವಶಕ್ತಿ. ಕ್ರ್ಯಾಂಕಿಗೆ ಐದು ಕಡೆ ಬೇರಿಂಗ್ ಆಧಾರ. ಫಿಯೆಟ್ 1100ರ ಲೆಕ್ಕ ಇಲ್ಲಿ ತಲೆಕೆಳಗು: ಅಗಲ ಹೆಚ್ಚು, ಓಡಾಟ ಕಮ್ಮಿ, ಹಾಗಾಗಿ ಜೋರು ತಿರುಗಿದರೂ ತಡೆದುಕೊಳ್ಳುತ್ತದೆ. ಡಾಟ್ಸನ್ 1200 ಜಪಾನಿನ ರೇಸ್ ಪಥಗಳಲ್ಲಿ ಹೆಸರು ಮಾಡಿದ್ದು ಇದೇ ಎ12ನಿಂದ. ಈ ಜೋಡಣೆಯನ್ನು ಆ ಕಾಲದ ಇತರ ಎರವಲು ಕಾರುಗಳ ಪಕ್ಕದಲ್ಲಿಟ್ಟರೆ ಪ್ರೀಮಿಯರಿನ ಜಾಣತನ ತಿಳಿಯುತ್ತದೆ. ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ವಾಕ್ಸ್‌ಹಾಲ್ ದೇಹ ತಂದು ಅಂಬಾಸಡರಿನ ಹಳೆಯ 1489 ಸಿಸಿ ಎಂಜಿನ್ನನ್ನೇ ಕೂರಿಸಿ ಕಾಂಟೆಸ್ಸಾ ಎಂದಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ರೋವರಿನ ಭವ್ಯ ದೇಹಕ್ಕೆ ಮುದಿ ಎಂಜಿನ್ ಹಾಕಿ ಮುಳುಗಿತು. ರೇಷ್ಮೆ ಪೇಟಕ್ಕೆ ಹರಕು ಪಂಚೆ ಎಂದರೆ ಇದೇ. ದೇಹದ ಜತೆ ಎಂಜಿನ್ನನ್ನೂ ಹೊಸದಾಗಿ ತಂದದ್ದು 118 ಎನ್‌ಇ. ನಂತರ ಕಂಪನಿಯೇ ಇಟಲಿಯ ಎಫ್‌ಎನ್‌ಎಂ ಡೀಸೆಲ್ ಹಾಕಿ 1.38ಡಿ ಮಾಡಿತು. ಟ್ಯಾಕ್ಸಿಯ ಲೆಕ್ಕಕ್ಕೆ ಅದು ಸರಿ, ವಂಶಕ್ಕೆ ಏನೂ ಸೇರಿಸಲಿಲ್ಲ.

ಓಟದಲ್ಲಿ ಮಾತ್ರ ಈ ವಂಶಕ್ಕೆ ತಕ್ಕ ಕೀರ್ತಿ ಬರಲಿಲ್ಲ. ಕಾಲ ಸರಿಯಿರಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದಿತ್ತು. ಹಿಂದೆಯೇ ಬಂದ ಜಿಪ್ಸಿ ರ್ಯಾಲಿಗಳನ್ನು ಕೈವಶ ಮಾಡಿಕೊಂಡಿತು. ಬೆಂಗಳೂರಿನ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಮೂಲದ ಫೈಬರ್ ದೇಹದ ಪುಟ್ಟ ಕಾರು, ಮಾರುಕಟ್ಟೆಯಲ್ಲಿ ಸೋತರೂ ಹಗುರತನದಿಂದ ಓಟಗಾರರಿಗೆ ಮೆಚ್ಚುಗೆಯಾಗಿತ್ತು. ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದೇ ಹೇಳಿಕೊಂಡು ಬಂದ ಗೋವಾದ ಸ್ಯಾನ್ ಸ್ಟಾರ್ಮ್ 1990ರ ದಶಕದ ಕೊನೆಯದು. ಅದೂ ರೆನೋ 1.2 ಲೀಟರ್ ಎಂಜಿನ್ನಿನ ಸಾಧು ಕಾರು.

ಡೊಂಬಿವಲಿಯ ಕಾರ್ಖಾನೆಗೆ ಇಂಥದ್ದೇ ಓಟದ ನೆಂಟಸ್ತಿಕೆ ಇನ್ನೊಮ್ಮೆ ಕೂಡಿಬಂತು. 1994ರಲ್ಲಿ ಪ್ರೀಮಿಯರ್ ಮತ್ತು ಫ್ರಾನ್ಸಿನ ಪೂಜೊ ಸೇರಿ ಕಟ್ಟಿದ ಪಾಲ್-ಪೂಜೊ ಇಲ್ಲಿ ಪೂಜೊ 309 ಜೋಡಿಸತೊಡಗಿತು. ಯುರೋಪಿನಲ್ಲಿ ಅದರ ಜಿಟಿಐ ರೂಪಕ್ಕೆ 1905 ಸಿಸಿ, 130 ಅಶ್ವಶಕ್ತಿ. ಚಾಲಕರು ಇಂದಿಗೂ ಕೊಂಡಾಡುವ ಕಾರು. ನಮಗೆ ಬಂದದ್ದು 1360 ಸಿಸಿ ಪೆಟ್ರೋಲ್ ಮತ್ತು ಒಂದು ಡೀಸೆಲ್. ಚಾಸಿ ಅದೇ ಜಾತಿಯದು, ಶಕ್ತಿ ಮಾತ್ರ ಪಡಿತರದ ಅಳತೆ. ಕಾರ್ಮಿಕರ ಮುಷ್ಕರ, ಪಾಲುದಾರರ ಮನಸ್ತಾಪಗಳ ನಡುವೆ ಪೂಜೊ 1997ರಲ್ಲಿ ಹೊರನಡೆಯಿತು.

ಈಗ ಠಾಣೆಯ ಎಂಎಚ್-04, ಕಲ್ಯಾಣದ ಎಂಎಚ್-05, ನವಿ ಮುಂಬಯಿಯ ಎಂಎಚ್-43 ಫಲಕ ಹೊತ್ತ ಒಂದು 118 ಎನ್‌ಇ ಕೈಬದಲಾಗುವ ಸಂದರ್ಭ ಬಂದರೆ ಅದನ್ನು ದಾಖಲೆಯಂತೆ ಓದಬಹುದು. ಮೇಲಿನ ಬಣ್ಣವನ್ನು ನಂಬಬೇಡಿ. ಕೊಲ್ಲಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಕೆಳಗಿನಿಂದ ತಿನ್ನುತ್ತವೆ. ಬಾಗಿಲ ಕೆಳಗಿನ ಹೊಸ್ತಿಲು, ಕಾಲಡಿಯ ತಗಡು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಅಲ್ಲಿ ಟಿಂಕರ್ ಹೊಸ ತಗಡು ಬೆಸೆದಿದ್ದರೆ ತಪ್ಪಿಲ್ಲ. ಪುಟ್ಟಿ ಮೆತ್ತಿದ್ದರೆ ತಪ್ಪು. ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿ ಪುಸ್ತಕದ ಜತೆ ತಾಳೆ ನೋಡುವುದು ಆಮೇಲಿನ ಕೆಲಸ. ಎಷ್ಟೋ ಮಾಲೀಕರು ಇಂಧನದ ಖರ್ಚಿಗೆ ಹೆದರಿ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಹಾಕಿಸಿದ್ದುಂಟು. ಸಣ್ಣಪುಟ್ಟ ಭಾಗಗಳಿಗೆ ಕುರ್ಲಾದ ಭಂಗಾರ್ (ಗುಜರಿ) ಅಂಗಡಿಗಳೇ ಗತಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದಂತೆ.

ಕಾನೂನು ಇದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗಬೇಕಾದರೆ ವಾಹನಕ್ಕೆ 50 ವರ್ಷ ತುಂಬಿರಬೇಕು, ಚಾಸಿ, ದೇಹ, ಎಂಜಿನ್ ಮೂಲರೂಪದಲ್ಲಿರಬೇಕು. ಮೊದಲ 118 ಎನ್‌ಇಗೆ ಆ ಅರ್ಹತೆ 2035ರಲ್ಲಿ. ಅಲ್ಲಿಯವರೆಗೆ ಅದು 15 ವರ್ಷ ದಾಟಿದ ಮಾಮೂಲಿ ಹಳೆಯ ಗಾಡಿ. ಐದೈದು ವರ್ಷಕ್ಕೆ ಮರುನೋಂದಣಿ, ಜತೆಗೆ ಹಸಿರು ತೆರಿಗೆ. ಶೋಲಾವರಂಗೆಂದು ಎಂಜಿನ್ ಮಾರ್ಪಡಿಸಿಕೊಂಡ ಕಾರು 2035ರಲ್ಲೂ ಅನರ್ಹವೇ. ನನ್ನ ದೃಷ್ಟಿಯಲ್ಲಿ ಇತಿಹಾಸಕಾರನಿಗೆ ಹೆಚ್ಚು ಬೇಕಾದದ್ದು ಆ ಮಾರ್ಪಡಿಸಿದ ಕಾರೇ. ಶೆಡ್ಡಿನಿಂದ ಹೊರಬರದೆ ಹೊಳೆಯುತ್ತಿರುವ ಕಾರು ಬಾರ್ಸಿಲೋನದ ಅಚ್ಚಿನ ಕಥೆಯನ್ನಷ್ಟೇ ಹೇಳೀತು. ಸಾಣೆ ಹಿಡಿದ ಹೆಡ್ಡು, ಹಿಗ್ಗಿಸಿದ ಗಾಳಿದಾರಿ, ಸ್ಥಳೀಯ ಲೇತಿನಲ್ಲಿ ಕಡೆದ ಬುಶ್ಶುಗಳು ನಮ್ಮ ಮೆಕ್ಯಾನಿಕ್‌ಗಳ ಕಥೆ ಹೇಳುತ್ತವೆ. ಅಂಥ ಕಾರಿನ ಜತೆ ಬೋರಿಂಗ್ ಅಂಗಡಿಯ ಹಳೆಯ ಬಿಲ್ಲು, ಸ್ಪರ್ಧೆಯ ಪ್ರವೇಶ ಚೀಟಿ, ಬದಲಾವಣೆಗೆ ಸಾರಿಗೆ ಕಚೇರಿ ಕೊಟ್ಟ ಒಪ್ಪಿಗೆ ಇದ್ದರೆ ಕಾರಿನ ಬೆಲೆ ಮಾತಾಡುವ ಮೊದಲು ಅವನ್ನು ಕೇಳಿ ಪಡೆಯಬೇಕು.