ಸಾತಳ್ಳಿಯ ‘ದೊಡ್ಡ ಸ್ವಾಮಿ’

ಹಾಸನ ಜಿಲ್ಲೆ ಎಂದೊಡನೆ ಮೊದಲು ನೆನಪಾಗುವುದು ಬೇಲೂರು ಮತ್ತು ಹಳೇಬೀಡು. ಸ್ವಲ್ಪ ಹೆಚ್ಚು ಸುತ್ತಾಡಿದವರು ಜಾವಗಲ್ಲಿನ ಹೆಸರನ್ನೂ ಸೇರಿಸುತ್ತಾರೆ. ಅರಸೀಕೆರೆ ತಾಲ್ಲೂಕಿನ ಈ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹಿಂದೂಗಳೂ ಹರಕೆ ಹೊತ್ತು ಬರುವ ದರ್ಗಾ ಇದೆ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಜೈನ ಬಸದಿಗಳಿವೆ. ಹೀಗೆ ಹಲವು ಮತಗಳು ನೆರೆಹೊರೆಯಾಗಿ ನೆಲೆಸಿದ ಈ ಸೀಮೆಯಲ್ಲಿ, ಹಾಸನಕ್ಕೆ ಸೇರಿದ ಸಾತಳ್ಳಿ ಎಂಬ ಹಳ್ಳಿಗೂ ಒಂದು ಕಥೆಯಿದೆ. ಇನ್ನೂರು ವರ್ಷಗಳಿಗೂ ಹಿಂದೆ ಫ್ರಾನ್ಸಿನಿಂದ ಬಂದ ಪಾದ್ರಿಯೊಬ್ಬರು ಇಲ್ಲಿ ನೇಗಿಲು ನಂಬಿದ ಕ್ರೈಸ್ತ ಸಮುದಾಯವೊಂದನ್ನು ನೆಲೆಗೊಳಿಸಿದರು. ಅವರೇ ಅಬ್ಬೆ ದುಬ್ವಾ.

ಭಾರತದ ಸಮಾಜ, ಜಾತಿ ಪದ್ಧತಿಗಳ ಬಗ್ಗೆ ಓದಿದವರಿಗೆ ಈ ಹೆಸರು ಹೊಸದಲ್ಲ. ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ಕುರಿತ ಅವರ ಗ್ರಂಥ ಇಂದಿಗೂ ಮುದ್ರಣವಾಗುತ್ತಿದೆ. ಆದರೆ ಗ್ರಂಥಕರ್ತನ ಕೀರ್ತಿಯಲ್ಲಿ, ಹಳ್ಳಿಗಾಡಿನಲ್ಲಿ ಬದುಕಿದ ತರುಣ ಪಾದ್ರಿ ಮರೆಯಾಗಿದ್ದಾರೆ.

ಜ್ಯಾನ್ ಆಂತ್ವಾನ್ ದುಬ್ವಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಆಗ ಅವರಿಗೆ 26 ವರ್ಷ. ತಾಯ್ನಾಡು ಮಹಾಕ್ರಾಂತಿಯ ಬೇಗೆಯಲ್ಲಿತ್ತು. ಅಲ್ಲಿ ಪಾದ್ರಿಗಳ ತಲೆಗೇ ಅಪಾಯವಿದ್ದ ಕಾಲ. ಪಾಂಡಿಚೇರಿಯ ಮಿಷನ್‌ಗೆ ಸೇರಿ ತಮಿಳು ಸೀಮೆಯಲ್ಲಿ ಕೆಲವು ವರ್ಷ ದುಡಿದ ಮೇಲೆ ಅವರ ದಾರಿ ಮೈಸೂರಿನತ್ತ ತಿರುಗಿತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಟಿಪ್ಪು ಸುಲ್ತಾನ್ 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ಯಾಥೊಲಿಕರಲ್ಲಿ ಬದುಕುಳಿದವರು ದಿಕ್ಕುಗೆಟ್ಟಿದ್ದರು. ಬಲವಂತದಿಂದ ಮತಾಂತರಗೊಂಡಿದ್ದ ಅನೇಕರು ಹಿಂದಿನ ಮತಕ್ಕೆ ಮರಳಲು ಕಾಯುತ್ತಿದ್ದರು. ಅವರನ್ನು ಒಗ್ಗೂಡಿಸಲು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಆಹ್ವಾನದ ಮೇಲೆ ಬಂದವರು ದುಬ್ವಾ. ಫ್ರೆಂಚರೊಡನೆ ಯುದ್ಧದಲ್ಲಿದ್ದ ಬ್ರಿಟಿಷರು ಫ್ರೆಂಚ್ ಪಾದ್ರಿಯೊಬ್ಬನನ್ನೇ ಕರೆಸಿಕೊಂಡದ್ದು ಇತಿಹಾಸದ ಒಂದು ಸೋಜಿಗ.

ವೇಷ, ಊಟ, ಭಾಷೆ

ಹೊಸ ನೆಲದಲ್ಲಿ ಬೇರೂರಲು ದುಬ್ವಾ ಹಿಡಿದ ದಾರಿ ಸರಳವಾದುದು: ಸುತ್ತಲಿನವರಂತೆಯೇ ಬದುಕುವುದು. ಅವರು ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ ಓಡಾಡಿದರು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಭಾವಚಿತ್ರದಲ್ಲಿ ಕಾಣುವುದೂ ಇದೇ ಉಡುಪು. ಊಟದಲ್ಲೂ ಅವರು ಇಲ್ಲಿನ ಪದ್ಧತಿಯನ್ನೇ ಅನುಸರಿಸಿದರು. ಜನರ ವಿಶ್ವಾಸ ಗಳಿಸಲೆಂದು ಅವರ ಆಚಾರಗಳನ್ನಷ್ಟೇ ಅಲ್ಲ, ಕೆಲವು ಪೂರ್ವಗ್ರಹಗಳನ್ನೂ ತಾನು ಒಪ್ಪಿದಂತೆ ನಡೆದುಕೊಂಡೆ ಎಂದು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು. ಮಠ, ಸ್ವಾಮಿಗಳನ್ನು ಬಲ್ಲ ನಾಡಿನಲ್ಲಿ ಪರದೇಶಿ ಪಾದ್ರಿಗೆ ಸಿಕ್ಕ ಈ ಹೆಸರೇ ಅವರು ಎಷ್ಟು ಬೆರೆತಿದ್ದರು ಎಂಬುದಕ್ಕೆ ಸಾಕ್ಷಿ.

ಅವರ ಭಾಷಾಭ್ಯಾಸವೂ ಚೆನ್ನಾಗಿತ್ತು. ಮುಂದೆ 1826ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಪ್ರಕಟಿಸಿದ ಪಂಚತಂತ್ರದ ಫ್ರೆಂಚ್ ಅನುವಾದಕ್ಕೆ ತಮಿಳು, ತೆಲುಗು ಪ್ರತಿಗಳ ಜೊತೆಗೆ ಕನ್ನಡ ಪ್ರತಿಯೊಂದೂ ಆಧಾರವಾಗಿತ್ತು.

ಭೂಮಿಯೇ ಆಸರೆ

ಮತ ಬದಲಿಸಿದವನಿಗೆ ಅಥವಾ ಹಿಂದಿನ ಮತಕ್ಕೆ ಮರಳಿದವನಿಗೆ ಅಂದಿನ ಹಳ್ಳಿಯಲ್ಲಿ ಎದುರಾಗುತ್ತಿದ್ದ ಮೊದಲ ಪ್ರಶ್ನೆ ದೇವರದಲ್ಲ, ಅನ್ನದ್ದು. ನೀರು, ನೆಂಟಸ್ತಿಕೆ, ಕಸುಬು ಎಲ್ಲವೂ ಜಾತಿಯ ಕಟ್ಟಿಗೆ ಒಳಪಟ್ಟಿದ್ದವು. ಆ ಕಟ್ಟಿನಿಂದ ಹೊರಬಿದ್ದವನಿಗೆ ಕೂಲಿಯೂ ಹುಟ್ಟುತ್ತಿರಲಿಲ್ಲ. ಇಂಥವರಿಗೆ ಉಪದೇಶಕ್ಕಿಂತ ಉಳುವ ಭೂಮಿ ಮುಖ್ಯ ಎಂಬುದನ್ನು ದುಬ್ವಾ ಅರಿತರು. ಅವರು ಸ್ಥಾಪಿಸಿದ ಕೃಷಿ ನೆಲೆಗಳಲ್ಲಿ ಪ್ರಮುಖವಾದುದು ಸಾತಳ್ಳಿ. ಬೇಸಾಯ ಮಾಡುತ್ತ ಒಟ್ಟಾಗಿ ಬಾಳುವ ಕುಟುಂಬಗಳಿಗೆ ಪರರ ಹಂಗು ಕಡಿಮೆ; ಭೂಮಿ ಇರುವವರೆಗೆ ಊರು ಚದುರುವುದಿಲ್ಲ. ಹಾಸನ ಸೀಮೆಯ ಕ್ರೈಸ್ತರಲ್ಲಿ ಬೇಸಾಯಗಾರರು ಗಣನೀಯವಾಗಿರುವುದರ ಹಿಂದೆ ಈ ಏರ್ಪಾಟಿದೆ.

ಇದೇ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಮತದ ಗಡಿಗಳನ್ನೂ ಮೀರಿದ್ದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಸಿಡುಬಿನ ಲಸಿಕೆ ಭಾರತ ತಲುಪಿದ್ದು 1802ರಲ್ಲಿ. ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಅದನ್ನು ಮೊದಲು ಹಾಕಲಾಯಿತು. ಶೀತಪೆಟ್ಟಿಗೆ ಇಲ್ಲದ ಆ ದಿನಗಳಲ್ಲಿ ಲಸಿಕೆಯ ರಸವನ್ನು ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಸಿಡುಬೆಂದರೆ ಮಾರಮ್ಮನ ಮುನಿಸು ಎಂದು ನಂಬಿದ ಜನ, ಜಾತಿ ತಿಳಿಯದವರ ಮೈಯ ರಸವನ್ನು ತಮ್ಮ ಮೈಗೆ ಸೇರಿಸಿಕೊಳ್ಳಲು ಹಿಂಜರಿದದ್ದು ಸಹಜ. ಇಷ್ಟಾದರೂ 1803–04ರಲ್ಲಿ ದುಬ್ವಾ ಅವರ ಪ್ರಯತ್ನದಿಂದ 25,432 ಮಂದಿ ಸಿಡುಬಿನ ದಾಕು ಹಾಕಿಸಿಕೊಂಡರೆಂದು ದಾಖಲಾಗಿದೆ. ಮೈಸೂರು ಅರಮನೆಯೂ ಇದಕ್ಕೆ ಬೆಂಬಲ ನೀಡಿತು. 1805ರ ಸುಮಾರಿಗೆ ರಚಿತವಾದ ಚಿತ್ರವೊಂದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ.

ಗ್ರಂಥದ ಗುಟ್ಟು

ದುಬ್ವಾ ಸಿದ್ಧಪಡಿಸಿದ ಫ್ರೆಂಚ್ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೆಚ್ಚುಗೆ ಪಡೆಯಿತು. 1807ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ವರಹಗಳಿಗೆ ಕೊಂಡರು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಲೇಖಕರೇ ತಿದ್ದಿ ಬೆಳೆಸಿದ ಪ್ರತಿಯನ್ನು ಹೆನ್ರಿ ಬ್ಯೂಷಾಂಪ್ 1897ರಲ್ಲಿ ಮತ್ತೆ ಇಂಗ್ಲಿಷಿಗೆ ತಂದರು.

ಈ ಗ್ರಂಥದ ಕರ್ತೃತ್ವದ ಬಗ್ಗೆ ಹೊಸ ಬೆಳಕು ಬಿದ್ದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಜೆಸ್ವಿಟ್ ಪಾದ್ರಿ ಕರ್ದೂ ಎಂಬುವರು ದುಬ್ವಾ ಭಾರತಕ್ಕೆ ಬರುವ ಮೊದಲೇ ಬರೆದಿಟ್ಟಿದ್ದ ಕೃತಿಯಿಂದ ಇದರ ದೊಡ್ಡ ಭಾಗವನ್ನು ಎತ್ತಿಕೊಳ್ಳಲಾಗಿದೆ ಎಂದು ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಪ್ರತ್ಯಕ್ಷ ಕಂಡದ್ದೆಂದು ಓದುಗರು ನಂಬಿದ್ದ ಎಷ್ಟೋ ವಿವರಗಳು ಹೀಗೆ ಬೇರೊಬ್ಬರ ಕಣ್ಣಿನವು. ಗ್ರಂಥದಲ್ಲಿ ಇಲ್ಲಿನ ಜನರ, ಮುಖ್ಯವಾಗಿ ಬ್ರಾಹ್ಮಣರ ಬಗ್ಗೆ ಬರುವ ಕಟು ತೀರ್ಮಾನಗಳನ್ನೂ ಈ ಎಚ್ಚರದಿಂದಲೇ ಓದಬೇಕಾಗುತ್ತದೆ.

ಲೆಕ್ಕ ಒಪ್ಪಿಸಿದ ಪಾದ್ರಿ

ಇಷ್ಟೆಲ್ಲ ಮಾಡಿದ ದುಬ್ವಾ ತಮ್ಮ ಬದುಕಿನ ಬಗ್ಗೆ ಕೊಟ್ಟ ತೀರ್ಪು ಅಚ್ಚರಿ ಹುಟ್ಟಿಸುತ್ತದೆ. 1823ರ ಜನವರಿಯಲ್ಲಿ ಅವರು ಕಂಪನಿಯ ಪಿಂಚಣಿ ಪಡೆದು ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತ ಮತದ ಸ್ಥಿತಿಗತಿ ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ದೇಶೀಯ ಪಾದ್ರಿಯೊಬ್ಬರ ನೆರವಿದ್ದರೂ ಅಷ್ಟು ವರ್ಷಗಳಲ್ಲಿ ತಾನು ಮತಾಂತರಿಸಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ. ಅವರಲ್ಲೂ ಹೆಚ್ಚಿನವರು ಗತಿಯಿಲ್ಲದವರು ಎಂದು ಅವರು ಬರೆದರು. ಹಿಂದೂಗಳನ್ನು ಮತಾಂತರಿಸುವುದು ಇನ್ನು ಸಾಧ್ಯವಿಲ್ಲ ಎಂಬುದು ಅವರ ನಿಲುವಾಗಿತ್ತು. ಜಾತಿಯ ಬಿಗಿಯಷ್ಟೇ ಅಲ್ಲ, ಇಲ್ಲಿದ್ದ ಐರೋಪ್ಯರ ನಡತೆಯೂ ಇದಕ್ಕೆ ಕಾರಣವೆಂದು ಅವರು ದೂರಿದರು. ಇದು ಇಂಗ್ಲೆಂಡಿನ ಮಿಷನರಿ ವಲಯದಲ್ಲಿ ಕೋಲಾಹಲವನ್ನೇ ಎಬ್ಬಿಸಿತು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬಿಬ್ಬರು ಪುಸ್ತಕಗಳನ್ನೇ ಬರೆದು ಉತ್ತರ ಕೊಟ್ಟರು.

ದುಬ್ವಾ ಮತ್ತೆ ಭಾರತಕ್ಕೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ದುಡಿದು 1848ರಲ್ಲಿ ತೀರಿಕೊಂಡರು. ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳು ಹಾಸನದ ಸೀಮೆಯನ್ನು ಬಿಡಲಿಲ್ಲ. 1860ರ ದಶಕದಲ್ಲಿ ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಯಲ್ಲಿ ಅವರು ಕಟ್ಟಿಸಿದ ಚರ್ಚು, ಗೊರೂರಿನ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಮುಳುಗುತ್ತ, ಬೇಸಿಗೆಯಲ್ಲಿ ತೇಲುತ್ತ ಪ್ರವಾಸಿಗರ ಆಕರ್ಷಣೆಯಾಗಿದೆ. ಸಾತಳ್ಳಿಗೆ ಅಂಥ ಪ್ರಸಿದ್ಧಿಯಿಲ್ಲ.

ಆದರೂ ದುಬ್ವಾ ಅವರನ್ನು ಅಳೆಯಲು ಸಾತಳ್ಳಿಯೇ ಸರಿಯಾದ ಮಾನದಂಡ. ಹೆಸರು ತಂದ ಗ್ರಂಥದಲ್ಲಿ ಪರರ ಪಾಲು ದೊಡ್ಡದೆಂದು ತಿಳಿದಿದೆ. ಮತಪ್ರಚಾರ ಸೋತಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ಗೆಲುವೆಂದು ಎಣಿಕೆಯಾಗದೆ ಉಳಿದವು ಎರಡು: ಸಿಡುಬಿನಿಂದ ಪಾರಾದ ಸಾವಿರಾರು ಜೀವಗಳು ಮತ್ತು ನೆಲೆಯಿಲ್ಲದವರಿಗೆ ದೊರೆತ ಉಳುವ ನೆಲ. ‘ದೊಡ್ಡ ಸ್ವಾಮಿ’ ಎಂಬ ಹೆಸರನ್ನು ಅವರಿಗೆ ಸಲ್ಲಿಸಬೇಕಾದದ್ದು ಈ ಎರಡಕ್ಕಾಗಿ.