ಬಾಡಿಗೆ ಓಡಿ ಗಳಿಸಿದ ಹೆಸರು: ಎರೆ ಸೀಮೆಯಲ್ಲಿ ಟೊಯೊಟಾ

ಶ್ರಾವಣ ಬಂತೆಂದರೆ ಆದೋನಿ ಸುತ್ತಿನ ದಾರಿಗಳಿಗೆ ಬಿಡುವಿಲ್ಲ. ಮಂತ್ರಾಲಯದಲ್ಲಿ ರಾಯರ ಆರಾಧನೆ, ಕೌತಾಳಂ ಮಂಡಲದ ಉರುಕುಂದದಲ್ಲಿ ಈರಣ್ಣಸ್ವಾಮಿ ಜಾತ್ರೆ. ಬೆಂಗಳೂರು, ಬಳ್ಳಾರಿ, ರಾಯಚೂರು ಕಡೆಯಿಂದ ಬರುವವರಲ್ಲಿ ರೈಲು, ಬಸ್ಸು ಹಿಡಿಯದವರು ಮನೆಮಂದಿಯನ್ನೆಲ್ಲ ತುಂಬಿಕೊಂಡು ಬಾಡಿಗೆ ಗಾಡಿಯಲ್ಲಿ ಬರುತ್ತಾರೆ. ಈ ಬಾಡಿಗೆ ಗಾಡಿಗಳ ಲೋಕದಲ್ಲಿ ಕಾಲು ಶತಮಾನದಿಂದ ಒಂದು ಹೆಸರು ಗಟ್ಟಿಯಾಗಿ ನಿಂತಿದೆ. ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ, ಎರಡರ ಹಿಂದೆಯೂ ಜಪಾನಿನ ಟೊಯೊಟಾ. ಈ ಮರ್ಯಾದೆಗೆ ಜಪಾನೀಯರ ಶಿಸ್ತೇ ಕಾರಣ ಎಂದು ಹೇಳಿ ಮುಗಿಸುವುದು ವಾಡಿಕೆ. ನನ್ನ ವಾದ ಬೇರೆ. ಈ ಸೀಮೆಯಲ್ಲಿ ಟೊಯೊಟಾ ಗಳಿಸಿದ್ದು ಕಾರಿನ ಹೆಸರನ್ನಲ್ಲ, ದುಡಿಯುವ ಗಾಡಿಯ ಹೆಸರನ್ನು. ಅದನ್ನು ಕಟ್ಟಿದವರಲ್ಲಿ ಕಂಪನಿಯಷ್ಟೇ ಪಾಲು ಗಾಡಿಯನ್ನು ನಂಬಿ ಕಂತು ಕಟ್ಟಿದ ಮಾಲೀಕರದು, ಚಾಲಕರದು, ಮೆಕ್ಯಾನಿಕ್‌ಗಳದು. ಅದೇ ಕಂಪನಿ ಅದೇ ಲಾಂಛನವನ್ನು ಬೇರೆ ಕಾರುಗಳ ಮೂತಿಗೆ ಅಂಟಿಸಿದಾಗ ಆ ಮರ್ಯಾದೆ ತಾನಾಗಿ ಹಿಂಬಾಲಿಸಿ ಹೋಗಲಿಲ್ಲ ಎಂಬುದೇ ಇದಕ್ಕೆ ದೊಡ್ಡ ಸಾಕ್ಷಿ.

ಆದೋನಿ ಹತ್ತಿಯ ಊರು. ಜಿನ್ನಿಂಗ್ ಮಿಲ್ಲುಗಳೂ ಹತ್ತಿ ಮಾರುಕಟ್ಟೆಯೂ ಅದರ ಬೆನ್ನೆಲುಬು. ಪಕ್ಕದ ಎಮ್ಮಿಗನೂರು ನೇಕಾರರ ಊರು; ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ದೇಶಕ್ಕೇ ಗೊತ್ತಾಯಿತು. ಹತ್ತಿ, ಮಗ್ಗ ಬಲ್ಲ ಈ ನಾಡಿಗೆ ಟೊಯೊಟಾದ ಮೂಲ ಕಥೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಸಕಿಚಿ ಟೊಯೊಡಾ ಬಡಗಿಯ ಮಗ. ಬದುಕೆಲ್ಲ ಮಗ್ಗವನ್ನು ಸುಧಾರಿಸುವುದರಲ್ಲೇ ಕಳೆದವನು. 1924ರಲ್ಲಿ ಸಿದ್ಧವಾದ ಅವನ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಹಾಸಿನ ಒಂದು ಎಳೆ ಕಡಿದರೂ ತಾನೇ ನಿಲ್ಲುತ್ತಿತ್ತು. ಕಡಿದ ಎಳೆಯ ಮೇಲೆ ಗಜಗಟ್ಟಲೆ ಬಟ್ಟೆ ನೇಯ್ದು ಆಮೇಲೆ ದೋಷ ಹುಡುಕುವುದಕ್ಕಿಂತ ಅಲ್ಲೇ ನಿಲ್ಲಿಸಿ ಎಳೆ ಕೂಡಿಸುವುದು ಲೇಸು ಎಂಬ ವಿಚಾರ ಆ ಯಂತ್ರದಲ್ಲಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಅದರ ಪೇಟೆಂಟ್ ಹಕ್ಕಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಆ ಹಣವೇ ಮಗ ಕಿಚಿರೊವಿನ ಕಾರು ಸಂಶೋಧನೆಗೆ ಬಂಡವಾಳವಾಯಿತೆಂಬ ಕಥೆಗೆ ಇತಿಹಾಸಕಾರರ ತಕರಾರಿದೆ. ಆದರೆ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ವಾಹನ ವಿಭಾಗ ಶುರುವಾದದ್ದು, 1937ರಲ್ಲಿ ಅದು ಬೇರೆ ಕಂಪನಿಯಾದದ್ದು ನಿಜ. 1950ರಲ್ಲಿ ಈ ಕಂಪನಿ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರನ್ನು ಮನೆಗೆ ಕಳಿಸಿ, ಕಿಚಿರೊ ರಾಜೀನಾಮೆ ಕೊಟ್ಟ. ಕೊರಿಯಾ ಯುದ್ಧಕ್ಕೆ ಅಮೆರಿಕ ಕೊಟ್ಟ ಲಾರಿ ಆರ್ಡರುಗಳು ಅದನ್ನು ಉಳಿಸಿದವು. ಮುಂದೆ ತಾಯಿಚಿ ಓನೊ ಎಂಬ ಎಂಜಿನಿಯರ್, ಅವನೂ ಟೊಯೊಡಾ ಮನೆತನದ ನೂಲಿನ ಗಿರಣಿಯಿಂದ ಬಂದವನೇ, ಮಗ್ಗದ ಅದೇ ವಿಚಾರವನ್ನು ಕಾರ್ಖಾನೆಯ ಸಾಲಿಗೆ ತಂದ: ದೋಷ ಕಂಡ ಕಾರ್ಮಿಕ ಯಾರನ್ನೂ ಕೇಳದೆ ಇಡೀ ಸಾಲನ್ನೇ ನಿಲ್ಲಿಸಬಹುದು.

ವಿಚಾರ ಎಷ್ಟೇ ಒಳ್ಳೆಯದಿದ್ದರೂ ಅದರಿಂದಲೇ ಹೆಸರು ಬಂದುಬಿಡುವುದಿಲ್ಲ. 1957ರಲ್ಲಿ ಟೊಯೊಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. ಜಪಾನಿನ ಹಾಳು ರಸ್ತೆಗಳಿಗೆಂದು ಗಟ್ಟಿಯಾಗಿ ಕಟ್ಟಿದ ಆ ಭಾರದ ಕಾರು ಅಮೆರಿಕದ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಕರೆಸಿಕೊಂಡಿತು. ನೆಲ ನೋಡದೆ ಕಳಿಸಿದ ಗಾಡಿ ಎಲ್ಲಿಯೂ ನಿಲ್ಲದು ಎಂಬ ಈ ಪಾಠವನ್ನು ಅದು ಇಂಡೋನೇಷ್ಯಾದಲ್ಲಿ ಬಳಸಿತು. 1977ರಲ್ಲಿ ಅಲ್ಲಿ ಬಂದ ಕಿಜಾಂಗ್, ಸರಕಿಗೂ ಸಂಸಾರಕ್ಕೂ ಒದಗುವ, ಸರಳ ತಗಡಿನ, ಕಡಿಮೆ ಖರ್ಚಿನ ಗಾಡಿ. 1966ರ ಕೊರೊಲ್ಲಾ ಟೊಯೊಟಾಗೆ ಜಗತ್ತಿನಲ್ಲೆಲ್ಲ ಹೆಸರು ತಂದಿತು ಎನ್ನುತ್ತಾರೆ, ಸರಿಯೇ. ನಮ್ಮ ಸೀಮೆಗೆ ಬಂದದ್ದು ಮಾತ್ರ ಆ ಕೊಂಬೆಯಲ್ಲ, ಕಿಜಾಂಗ್‌ನ ಕೊಂಬೆ.

ಭಾರತಕ್ಕೆ ಟೊಯೊಟಾ ಮೊದಲು ಬಂದದ್ದು 1980ರ ದಶಕದಲ್ಲಿ, ಡಿಸಿಎಂ ಟೊಯೊಟಾ ಎಂಬ ಹೆಸರಿನಲ್ಲಿ, ಸಣ್ಣ ಲಾರಿ ಮಾಡಲು. ಅದೇ ಹೊತ್ತಿಗೆ ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಬಂದವು. ಆಗಿನ ಆಂಧ್ರದ ಜಹೀರಾಬಾದಿನಲ್ಲಿ ಆಲ್ವಿನ್ ನಿಸಾನ್ ಎದ್ದಿತು. ಜಪಾನಿನ ಹೆಸರೇ ಸಾಕಾಗಿದ್ದರೆ ಈ ನಾಲ್ಕೂ ಒಂದೇ ರೀತಿ ಗೆಲ್ಲಬೇಕಿತ್ತು. 1985ರ ನಂತರ ಯೆನ್ ಬೆಲೆ ಏರಿ, ಜಪಾನಿನಿಂದ ತರಿಸುವ ಬಿಡಿಭಾಗಗಳು ಕೈಸುಡುವಷ್ಟು ದುಬಾರಿಯಾದವು. ಆಲ್ವಿನ್ ನಿಸಾನ್ ಮಹೀಂದ್ರ ಪಾಲಾಯಿತು, ಡಿಸಿಎಂ ಟೊಯೊಟಾ ಡೇವೂ ಕೈ ಸೇರಿತು. ಟೊಯೊಟಾ ಮತ್ತೆ ಬಂದಾಗ ದಾರಿ ಬದಲಾಗಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಿಂದಲೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಅವರೊಡನೆ ಟೊಯೊಡಾ ಬಳಗ 1995ರಲ್ಲಿ ಮೊದಲು ಕೈಜೋಡಿಸಿದ್ದು ಕಾರಿಗಲ್ಲ, ನೂಲು ತೆಗೆಯುವ ಯಂತ್ರಕ್ಕೆ. ಎರಡು ವರ್ಷದ ಮೇಲೆ, 1997ರಲ್ಲಿ, ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬಿಡದಿಯ 432 ಎಕರೆಯಲ್ಲಿ ಕಾರ್ಖಾನೆ ಎದ್ದಿತು. 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದಾಗ ಪೇಟೆಯ ವಿಮರ್ಶಕರು ಅದರ ಡಬ್ಬದಂಥ ರೂಪವನ್ನು ಮೂದಲಿಸಿದರು. ಇಂಡೋನೇಷ್ಯಾದ ಹಳೆಯ ಕಿಜಾಂಗ್ ಅನ್ನೇ ತಂದಿದ್ದಾರೆ ಎಂಬ ಅವರ ಮಾತು ಸುಳ್ಳಾಗಿರಲಿಲ್ಲ. ಕೊಳ್ಳುವವನಿಗೆ ಬೇಕಾಗಿದ್ದುದು ಮಾತ್ರ ಹೊಸ ರೂಪವಲ್ಲ.

ಅವನಿಗೆ ಏನು ಬೇಕಾಗಿತ್ತೆಂದು ತಿಳಿಯಲು ಈ ಸೀಮೆಯ ನೆಲವನ್ನು ನೋಡಬೇಕು. ಹೊಳಗುಂದ, ಆಲೂರು, ಆದೋನಿ, ಕೌತಾಳಂ ಸುತ್ತ ಹತ್ತಿ ಬೆಳೆಯುವ ಎರೆ ನೆಲ ಹಬ್ಬಿದೆ. ಹತ್ತಿಗೆ ಹೇಳಿ ಮಾಡಿಸಿದ ಈ ಮಣ್ಣು ರಸ್ತೆಗೆ ಶತ್ರು. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಕಿದ ಡಾಂಬರು ಈ ಉಬ್ಬರಿಳಿತಕ್ಕೆ ಸಿಕ್ಕಿ ಅಲೆಯಲೆಯಾಗುತ್ತದೆ. ಅಂಚು ಕಳಚಿ ಬೀಳುತ್ತದೆ. ಇಂಥ ದಾರಿಯಲ್ಲಿ ಎಂಟು ಜನ, ಅವರ ಗಂಟುಮೂಟೆ ಹೊತ್ತ ಗಾಡಿಯ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಮೈಯೇ ಚೌಕಟ್ಟಾಗಿರುವ ಸಣ್ಣ ಕಾರು ಈ ತಿರುಚನ್ನು ದಿನಾ ತಿನ್ನುತ್ತ ಹೋದರೆ ಬಾಗಿಲು ಕಿರುಗುಟ್ಟುತ್ತದೆ, ಬುಷ್‌ಗಳು ಸವೆಯುತ್ತವೆ. ಕ್ವಾಲಿಸ್ ಕೂತದ್ದು ಲಾರಿಯಂತೆ ಬೇರೆಯೇ ಉಕ್ಕಿನ ಚಾಸಿಯ ಮೇಲೆ. ಹಿಂದೆ ಪಟ್ಟಿ ಸ್ಪ್ರಿಂಗ್, ಎಳೆಯುವುದೂ ಹಿಂದಿನ ಚಕ್ರವೇ, ಹಾಗಾಗಿ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಅದರ 2.4 ಲೀಟರ್ ಡೀಸೆಲ್ ಎಂಜಿನ್ನಿಗೆ ಟರ್ಬೊ ಇರಲಿಲ್ಲ. ಗಾತ್ರಕ್ಕೆ ಹೋಲಿಸಿದರೆ ಅದರ 75 ಅಶ್ವಶಕ್ತಿ ಬಹಳ ಕಡಿಮೆ. ಅದರ ದೀರ್ಘಾಯುಷ್ಯದ ಗುಟ್ಟಿನಲ್ಲಿ ಅರ್ಧ ಅದೇ: ಒಳಗಿನ ಯಾವ ಭಾಗಕ್ಕೂ ಮೈಮೀರಿದ ಕೆಲಸವಿಲ್ಲ. 2005ರಲ್ಲಿ, ಕ್ವಾಲಿಸ್ ಚೆನ್ನಾಗಿ ಓಡುತ್ತಿರುವಾಗಲೇ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಪಟ್ಟಿಯ ಬದಲು ಕಾಯಿಲ್ ಸ್ಪ್ರಿಂಗ್ ಬಂತು, 2.5 ಲೀಟರ್ ಎಂಜಿನ್ನಿಗೆ ಟರ್ಬೊ ಬಂತು, ಒಳಗೆ ಕೂತವರ ಸೊಂಟ ಉಳಿಯಿತು. ಚಾಸಿಯೂ ಹಿಂಚಕ್ರದ ಎಳೆತವೂ ಹಾಗೆಯೇ ಉಳಿದವು. ಟ್ರ್ಯಾಕ್ಸ್, ಸುಮೋಗಳಿಗೂ ಚಾಸಿ ಇತ್ತಲ್ಲ ಎನ್ನಬಹುದು. ಇತ್ತು, ಅವೂ ಈ ಸೀಮೆಗೆ ಬಹಳ ದುಡಿದಿವೆ. ಆದರೆ ಗಟ್ಟಿತನದ ಜತೆಗೆ ನಯವನ್ನೂ ಕೊಟ್ಟು, ರಾಯರ ದರ್ಶನಕ್ಕೆ ಹೊರಟ ವಯಸ್ಸಾದವರನ್ನು ಬೆಂಗಳೂರಿನಿಂದ ನೋವಿಲ್ಲದೆ ತಂದಿಳಿಸಿದ್ದು ಇನ್ನೋವಾ.

ಬಾಡಿಗೆ ಮಾಲೀಕನ ಲೆಕ್ಕ ಬೇರೆಯೇ. ಸಾಲದ ಕಂತು ತಿಂಗಳು ತಿಂಗಳು ಬಂದೇ ಬರುತ್ತದೆ, ದುಡಿಮೆ ಮಾತ್ರ ಶ್ರಾವಣ, ಮದುವೆಯ ಕಾಲ, ರಜೆ ಎಂದು ಗುಂಪುಗುಂಪಾಗಿ ಬರುತ್ತದೆ. ಸೀಸನ್ನಿನಲ್ಲಿ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಅದು ರಿಪೇರಿ ಬಿಲ್ಲಿಗಿಂತ ದೊಡ್ಡ ಪೆಟ್ಟು. ಹೀಗಾಗಿ ‘ಗಾಡಿ ಕೈಕೊಡಬಾರದು’ ಎಂಬುದು ಅವನ ಮೊದಲ ಬೇಡಿಕೆ, ‘ಮಾರಿದರೆ ಬೆಲೆ ಬರಬೇಕು’ ಎಂಬುದು ಎರಡನೆಯದು. ಈ ಎರಡನ್ನೂ ಪೂರೈಸಿದ್ದಕ್ಕೇ ಹೆಸರು ಬಂತು. ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ: ದುಬಾರಿ ಗಾಡಿ ಕೊಂಡವನು ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಕಾಲಕಾಲಕ್ಕೆ ಆಯಿಲ್ ಬದಲಿಸುತ್ತಾನೆ, ಬಾಳಿಕೆ ಗಾಡಿಯದಲ್ಲ, ಆರೈಕೆಯದು. ಈ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ಮಾಲೀಕನ ಆರೈಕೆ ಮೂರನೇ ಮಾಲೀಕನವರೆಗೆ ಬರುವುದಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಸೆಕೆಂಡ್ ಹ್ಯಾಂಡ್ ಆಗಿ ಸಣ್ಣ ಊರಿಗೆ ಬಂದು, ಕಂಪನಿಯ ಸರ್ವಿಸ್ ಕಾಣದೆ, ಊರ ಮೆಕ್ಯಾನಿಕ್ ಕೈಯಲ್ಲೇ ಬದುಕುವ ಗಾಡಿಗಳ ಹೆಸರೂ ಕೆಡಲಿಲ್ಲ. ಸರಳವಾಗಿ ಕಟ್ಟಿದ್ದರಿಂದ ಮೆಕ್ಯಾನಿಕ್‌ಗೆ ಅದು ತಿಳಿಯಿತು. ಅವನಿಗೆ ತಿಳಿದಿದ್ದರಿಂದ ಅದು ಬಾಳಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳುವುದು ತಪ್ಪು.

ಇದೇ ಕಂಪನಿ 2010ರ ಕೊನೆಗೆ ಎಟಿಯೋಸ್ ತಂದಿತು. ಭಾರತಕ್ಕೆಂದೇ ರೂಪಿಸಿದ ಕಾರು, ಎಂಜಿನ್ ಗಟ್ಟಿ, ಜಾಗ ವಿಶಾಲ. ಟ್ಯಾಕ್ಸಿಯವರು ಮೆಚ್ಚಿಕೊಂಡರು, ಸ್ವಂತಕ್ಕೆ ಕೊಳ್ಳುವವರು ಒಳಗಿನ ಬಡಕಲು ಪ್ಲಾಸ್ಟಿಕ್ ನೋಡಿ ಹಿಂದೆ ಸರಿದರು. 2020ರಲ್ಲಿ ಅದು ನಿಂತುಹೋಯಿತು. ಅದು ನಿಲ್ಲುವ ಮೊದಲೇ ಸುಜುಕಿಯ ಬಲೆನೊ ಗ್ಲಾಂಝಾ ಎಂಬ ಹೆಸರಿನಲ್ಲಿ, ಮುಂದೆ ಎರ್ಟಿಗಾ ರೂಮಿಯನ್ ಎಂಬ ಹೆಸರಿನಲ್ಲಿ ಟೊಯೊಟಾ ಅಂಗಡಿಗೆ ಬಂದವು. ಅವು ಕೆಟ್ಟ ಕಾರುಗಳಲ್ಲ. ಆದರೆ ಇನ್ನೋವಾದಿಂದ ಬಂದ ನಂಬಿಕೆಯನ್ನು ಬೇರೊಬ್ಬರು ಮಾಡಿದ ಗಾಡಿಗೆ ಕಡ ಕೊಟ್ಟಂತಾಯಿತು.

ಹೆಸರಿಗೆ ಬಿದ್ದ ಪೆಟ್ಟುಗಳನ್ನು ಮರೆಸಿ ಚರಿತ್ರೆ ಬರೆಯಲಾಗದು. 2009–10ರಲ್ಲಿ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತಿವೆ ಎಂಬ ದೂರುಗಳ ಮೇಲೆ ಟೊಯೊಟಾ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿತು. ಸಕಿಚಿಯ ಮರಿಮಗ ಆಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದ. ಗ್ರಾಹಕರನ್ನು ದಾರಿ ತಪ್ಪಿಸಿದ್ದನ್ನು ಒಪ್ಪಿಕೊಂಡು 2014ರಲ್ಲಿ ಕಂಪನಿ 120 ಕೋಟಿ ಡಾಲರ್ ಕಟ್ಟಿತು. ನಮಗೆ ಇನ್ನೂ ಹತ್ತಿರದ್ದು 2024ರ ಜನವರಿಯದು. ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಹೊರಬಂತು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕಳಿಸುವುದನ್ನು ಕೆಲಕಾಲ ನಿಲ್ಲಿಸಿದರು. ಅಕ್ರಮ ನಡೆದದ್ದು ಟೊಯೊಟಾ ಇಂಡಸ್ಟ್ರೀಸ್‌ನಲ್ಲಿ, ಅಂದರೆ ಸಕಿಚಿ ಕಟ್ಟಿದ ಅದೇ ಮಗ್ಗದ ಕಂಪನಿಯಲ್ಲಿ. ಎಳೆ ಕಡಿದರೆ ನಿಲ್ಲಬೇಕಾದ ಯಂತ್ರವನ್ನು ಕಟ್ಟಿದ ಮನೆಯಲ್ಲೇ ಕಡಿದ ಎಳೆಯನ್ನು ಮುಚ್ಚಿಟ್ಟು ಮುಂದೆ ನೇಯ್ದಿದ್ದರು. ನಿಲ್ಲಿಸಬೇಕೋ ಓಡಿಸಬೇಕೋ ಎಂಬ ಈ ಪ್ರಶ್ನೆ ಬಿಡದಿಯಲ್ಲೂ ಎದ್ದಿತು. 2020ರ ನವೆಂಬರ್‌ನಿಂದ ತಿಂಗಳುಗಟ್ಟಲೆ ಅಲ್ಲಿ ಮುಷ್ಕರ, ಲಾಕ್‌ಔಟ್ ನಡೆದಾಗ ಕಾರ್ಮಿಕರ ಮುಖ್ಯ ದೂರು ಸಾಲಿನ ವೇಗ ಹೆಚ್ಚಿ ಕೆಲಸದ ಹೊರೆ ತಡೆಯಲಾಗುತ್ತಿಲ್ಲ ಎಂಬುದು. ಹೆಚ್ಚು ಗಾಡಿ ಬೇಕೆಂಬ ಬೇಡಿಕೆ ಇರುವಾಗ ವೇಗ ಹೆಚ್ಚಿಸದೆ ಇನ್ನೇನು ಮಾಡಬೇಕು ಎಂಬ ಆಡಳಿತದ ಮಾತನ್ನು ತಳ್ಳಿಹಾಕಲಾಗದು. ಆದರೂ ದೋಷ ಕಂಡಾಗ ಸಾಲು ನಿಲ್ಲಿಸುವ ಹಕ್ಕು ಕಾರ್ಮಿಕನಿಗಿದೆ ಎನ್ನುವ ಪದ್ಧತಿಯಲ್ಲಿ, ಆ ಸಾಲು ಯಾವ ವೇಗದಲ್ಲಿ ಓಡಬೇಕೆಂಬುದರಲ್ಲಿಯೂ ಅವನ ಮಾತು ನಡೆಯಬೇಕು ಎಂಬುದೇ ನನ್ನ ಅಭಿಪ್ರಾಯ.

2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್ ಈ ಚರಿತ್ರೆಯ ದೊಡ್ಡ ತಿರುವು. ಚಾಸಿ ಇಲ್ಲ, ಡೀಸೆಲ್ ಇಲ್ಲ, ಎಳೆಯುವುದು ಮುಂದಿನ ಚಕ್ರ. ಪೆಟ್ರೋಲಿನ ಜತೆಗೆ ಬ್ಯಾಟರಿಯ ಹೈಬ್ರಿಡ್. ಇಂಧನದ ಮಿತವ್ಯಯದಲ್ಲಿ ಅದು ಹಳೆಯದನ್ನು ಮೀರಿಸುತ್ತದೆ. ಆದರೆ ಬಾಡಿಗೆಯವರು ಅದನ್ನು ಕಣ್ಣುಮುಚ್ಚಿ ಒಪ್ಪಲಾರರೆಂದು ಕಂಪನಿಗೂ ತಿಳಿದಿತ್ತು. 2023ರಲ್ಲಿ ಚಾಸಿಯಿರುವ ಹಳೆಯ ಇನ್ನೋವಾ ಕ್ರಿಸ್ಟಾವನ್ನು ಡೀಸೆಲ್ ಎಂಜಿನ್, ಕೈಗೇರಿನೊಂದಿಗೆ ಮತ್ತೆ ಮಾರಾಟಕ್ಕಿಟ್ಟಿತು. ಅತ್ತ ಪೆನುಕೊಂಡದ ಬಳಿ, ರಾಯಲಸೀಮೆಯ ನೆಲದಲ್ಲೇ, 2019ರಿಂದ ಕಿಯಾ ಕಾರ್ಖಾನೆ ನಡೆಯುತ್ತಿದೆ. ಅದರ ಕ್ಯಾರೆನ್ಸ್, ಮಾರುತಿಯ ಎರ್ಟಿಗಾ ಕಡಿಮೆ ಬೆಲೆಗೆ ಸಂಸಾರ ಹೊರುತ್ತಿವೆ. ಹೈಕ್ರಾಸ್‌ನ ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಸ್ವಂತದ ಕಾರಿಗೆ ಅದು ದೀರ್ಘ ಕಾಲ. ಬಾಡಿಗೆಯ ಗಾಡಿ ಆ ಕಿಲೋಮೀಟರನ್ನು ಆ ಅವಧಿಯ ಅರ್ಧದಲ್ಲೇ ಮುಗಿಸಿಬಿಡಬಲ್ಲದು. ಅಂಥ ಗಾಡಿ ಎರಡನೇ, ಮೂರನೇ ಮಾಲೀಕನ ಕೈ ಸೇರಿ ಆದೋನಿಯ, ಎಮ್ಮಿಗನೂರಿನ ಗ್ಯಾರೇಜಿಗೆ ಬಂದಾಗ ಬಿಡಿಭಾಗ ಎಟುಕುವ ಬೆಲೆಗೆ ಸಿಗಬೇಕು, ಬ್ಯಾಟರಿ ಬಿಚ್ಚಿ ನೋಡುವ ತರಬೇತಿ ಅಲ್ಲಿನ ಮೆಕ್ಯಾನಿಕ್‌ಗೂ ಮುಟ್ಟಿರಬೇಕು. ಬಡ ಮನೆಯ ಹುಡುಗರಿಗೆ ತಾಂತ್ರಿಕ ಶಿಕ್ಷಣ ಕೊಡುವ ಸಂಸ್ಥೆಯನ್ನು 2007ರಿಂದ ಬಿಡದಿಯಲ್ಲಿ ನಡೆಸುತ್ತಿರುವ ಕಂಪನಿಗೆ ಈ ಕೆಲಸ ಅಸಾಧ್ಯವೇನಲ್ಲ. ತನ್ನ ಸರ್ವಿಸ್ ಸೆಂಟರಿನ ಗೋಡೆಯಾಚೆಗೂ ಅದನ್ನು ಒಯ್ಯಲು ಅದು ಒಪ್ಪಬೇಕು, ಅಷ್ಟೇ.